ಟ್ರ್ಯಾಕ್ಟರ್ ಮೇಲಿನ ಅಂಪೈರ್

ಕಮಲಾಪುರದ ವಾಲಿಬಾಲ್ ಫೈನಲ್ಲಿಗೆ ಕಲಬುರಗಿಯಿಂದ ನನ್ನನ್ನು ಅಂಪೈರ್ ಆಗಿ ಕರೆಸಿದ್ದರು. ಎತ್ತರದ ಕುರ್ಚಿ ಇರಲಿಲ್ಲ. ಊರ ತಂಡದ ಕ್ಯಾಪ್ಟನ್ ತನ್ನ ಟ್ರ್ಯಾಕ್ಟರನ್ನೇ ನೆಟ್ಟಿನ ಪಕ್ಕ ನಿಲ್ಲಿಸಿ, ಅದರ ಮಡ್‌ಗಾರ್ಡ್ ಮೇಲೆ ನನ್ನನ್ನು ಕೂಡಿಸಿದ.

ಕೊನೆಯ ಪಾಯಿಂಟಿನಲ್ಲಿ ಅವನೇ ಹೊಡೆದ ಚೆಂಡು ಸುಣ್ಣದ ಗೆರೆಯ ಆಚೆ ಬಿತ್ತು. ಔಟ್ ಕೊಟ್ಟೆ. ಊರ ತಂಡ ಸೋತಿತು. ಮಂದಿ ಗೆರೆಯನ್ನೇ ತುಳಿದುಕೊಂಡು ನನ್ನ ಕಡೆ ನುಗ್ಗಿದರು. ಅಷ್ಟರಲ್ಲಿ ಕ್ಯಾಪ್ಟನ್ ಹತ್ತಿ ಟ್ರ್ಯಾಕ್ಟರ್ ಚಾಲೂ ಮಾಡಿದ.

"ಎಲ್ಲಿಗ್ರೀ?" ಅಂದೆ.

"ಬಸ್ ಸ್ಟ್ಯಾಂಡಿಗ್ರೀ ಸರ. ಗಟ್ಟಿ ಹಿಡ್ಕೋರಿ."

ದಾರಿಯಲ್ಲಿ ತಿರುಗಿ ಕೇಳಿದ: "ಖರೇ ಹೇಳ್ರಿ, ಚೆಂಡು ಗೆರಿ ಮ್ಯಾಲ ಬಿದ್ದಿತ್ತಲ್ರೀ?"

ನಾನಿನ್ನೂ ಮಡ್‌ಗಾರ್ಡ್ ಮೇಲೇ ಇದ್ದೆ. ಎಂಜಿನ್ ಸದ್ದಿಗೆ ಕೇಳಿಸದವನಂತೆ ಕೂತೆ.

ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದೆ: "ಔಟೇ ಇತ್ತು, ತಮ್ಮಾ."