ಪರದೆಯ ಮೇಲಿನ ಕುಂಕುಮ

ನಮ್ಮಮ್ಮನ ಕಿರಿಯ ತಮ್ಮ, ನನ್ನ ಚಿಕ್ಕಮಾವ, ಗುಬ್ಬಿಯಲ್ಲಿ ಒಂದು ನಾಟಕ ಕಂಪನಿಗೆ ಹಾರ್ಮೋನಿಯಂ ನುಡಿಸುತ್ತಿದ್ದ. ಪರದೆ ಬರೆಯುತ್ತಿದ್ದವನೂ ಅವನೇ. ಎಪ್ಪತ್ತರ ದಶಕದಲ್ಲಿ ಜನ ಸಿನಿಮಾ ಕಡೆ ತಿರುಗಿ ಕಂಪನಿ ಮುಚ್ಚಿದಾಗ ಹಾರ್ಮೋನಿಯಂ, ಕುಂಚದ ಗಂಟು ಎರಡನ್ನೂ ಹೊತ್ತು ತುಮಕೂರಿನ ಮನೆಗೆ ವಾಪಸು ಬಂದ. ಆಮೇಲೆ ಯಾರ ಹತ್ತಿರವೂ ಕೆಲಸ ಕೇಳಲಿಲ್ಲ. ಇನ್ನು ಮೇಲೆ ನನಗೆ ತೋಚಿದ್ದು ಬರೀತೀನಿ, ನನಗೆ ಬೇಕಾದ ಹಾಡು ಕಟ್ತೀನಿ ಅಂತ ಮಹಡಿ ಸೇರಿಕೊಂಡ.

ಮಂಡಿಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿದ್ದ ದೊಡ್ಡಮಾವ ಒಂದು ವರ್ಷ ಸುಮ್ಮನಿದ್ದು ಕೊನೆಗೆ ಹೇಳಿಬಿಟ್ಟರು: "ಏನ್ ಮಾಡಿದೀಯೋ ನಾಲ್ಕು ಜನಕ್ಕೆ ತೋರ್ಸು. ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಕುಂಚ ಕಟ್ಟಿಟ್ಟು ಬಂದು ಮಂಡೀಲಿ ಕೂತ್ಕೋ."

ನಾನು ಆಗಷ್ಟೇ ಮದುವೆಯಾಗಿ ಕುಣಿಗಲ್ ಸೇರಿದ್ದೆ. ಚಿಕ್ಕಮಾವ ಖುದ್ದಾಗಿ ಬಸ್ಸು ಹತ್ತಿ ಬಂದು, "ಭಾನುವಾರ ತೋರಿಸ್ತಿದೀನಿ ಕಣೇ. ನೀನು ಬರದೇ ಇದ್ರೆ ಶುರುನೇ ಮಾಡಲ್ಲ" ಎಂದು ಕರೆದು ಹೋದ. ಹೋದೆ.

ಒಂದು ಹೈಸ್ಕೂಲಿನ ಹಾಲ್. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ವೇದಿಕೆಯ ಮೇಲೆ ಬಿದಿರಿಗೆ ಸುತ್ತಿದ್ದ ಪರದೆಗಳು, ಪಕ್ಕದಲ್ಲಿ ಹಾರ್ಮೋನಿಯಂ, ಬಣ್ಣದ ಡಬ್ಬಿಗಳು, ಒಂದು ಬಕೆಟ್ ನೀರು, ಒರೆಸುವ ಬಟ್ಟೆ. ಒಂದು ಪರದೆ ಬಿಡುವುದು, ಅದರ ಮುಂದೆ ಕೂತು ತಾನೇ ಕಟ್ಟಿದ ಹಾಡು ಹಾಡುವುದು, ಇದು ಮಾವನ ಲೆಕ್ಕಾಚಾರ. ಅಜ್ಜಿ ಬರುವುದಿಲ್ಲ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಬಂದಳು, ಕಂಬದ ಮರೆಯಲ್ಲಿ ಕೂತಳು.

ಮೊದಲನೆಯ ಪರದೆ ಮಂಡಿಪೇಟೆಯದು. ಗಾಡಿ, ಮೂಟೆ, ಹಮಾಲಿಗಳು, ಗಲ್ಲಾದ ಹಿಂದೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಒಬ್ಬ ಸಾಹುಕಾರ. ಥೇಟ್ ದೊಡ್ಡಮಾವ! ಜನ ಬಿದ್ದು ಬಿದ್ದು ನಕ್ಕರು. ದೊಡ್ಡಮಾವನೂ ಮೀಸೆಯಡಿ ನಕ್ಕಿದ್ದನ್ನು ನಾನೇ ಕಂಡೆ. ಗೆದ್ದ ನಮ್ಮ ಮಾವ, ಅಂದುಕೊಂಡೆ.

ಎರಡನೆಯ ಪರದೆ ಇಳಿಯಿತು. ಹಾಡು ಶುರುವಾಯಿತು. ಅಜ್ಜಿ ರಾಗಿ ಕೇರುವಾಗ ಮಾತಿಲ್ಲದೆ ಗುನುಗುತ್ತಿದ್ದ ಧಾಟಿಗೆ ಮಾವ ಮಾತು ಕೂಡಿಸಿದ್ದ. ಪಕ್ಕದಲ್ಲಿ ಕೂತಿದ್ದ ದೊಡ್ಡಮಾವನ ಹೆಂಡತಿ, ನಮ್ಮ ದೊಡ್ಡತ್ತೆ, ನನ್ನ ತೋಳು ಹಿಡಿದ ರಭಸಕ್ಕೆ ಉಗುರು ಚರ್ಮಕ್ಕೆ ನಾಟಿತು.

"ಅಯ್ಯಯ್ಯೋ, ಇದು ನಮ್ಮತ್ತೆ ಅಲ್ವೇನೇ!"

ಅಜ್ಜಿಯೇ. ಇಪ್ಪತ್ತು ಇಪ್ಪತ್ತೆರಡರ ಅಜ್ಜಿ, ಹಸಿರು ಸೀರೆಯಲ್ಲಿ. ಮುಡಿ ತುಂಬ ಹೂವು, ಮೊಣಕೈವರೆಗೆ ಬಳೆ, ಮೂಗಿನ ಎಡಕ್ಕೆ ಮೂಗುಬಟ್ಟು, ಹಣೆಯಲ್ಲಿ ಕಾಸಿನಗಲದ ಕುಂಕುಮ. ಈ ಮಾವ ಹೊಟ್ಟೆಯಲ್ಲಿದ್ದಾಗಲೇ ಗಂಡನನ್ನು ಕಳಕೊಂಡವಳು ಅವಳು. ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹೊರಬಂದರೆ ಯಾರೂ ಹೇಳದೆ ತಾನಾಗಿ ಎದ್ದು ಅಡುಗೆಮನೆ ಸೇರುತ್ತಿದ್ದವಳು.

"ಏನ್ರೀ ಇದು, ಆಯಮ್ಮಂಗೆ ಕುಂಕುಮ ಇಕ್ಕವ್ನಲ್ಲ!" ಎಂದರು ಹಿಂದೆ ಯಾರೋ.

"ತಲೆ ಕೆಟ್ಟೈತೆ ಬುಡಿ" ಎಂದಿತು ಇನ್ನೊಂದು ದನಿ.

ದೊಡ್ಡಮಾವ ವೇದಿಕೆ ಹತ್ತಿಯೇ ಬಿಟ್ಟರು. "ನಿಲ್ಸೋ! ಹೆತ್ತ ತಾಯಿನ ಬೀದಿಗೆ ತಂದು ನಿಲ್ಸಿದೀಯಲ್ಲೋ!"

ಹಾರ್ಮೋನಿಯಂ ನಿಂತಿತು. ಮಾವ ಮೆಲ್ಲಗೆ, "ಅಣ್ಣ, ನೀನು ಅಮ್ಮನ್ನ ಹಿಂಗೆ ನೋಡಿದೀಯ. ನಾನು ನೋಡಿಲ್ಲ. ಮನೇಲಿ ಒಂದು ಫೋಟೋನಾದ್ರೂ ಇದ್ಯಾ?" ಎಂದ.

"ಅದಕ್ಕೆ ಊರೋರ ಮುಂದೆ ನೇತು ಹಾಕ್ತೀಯಾ? ಅಳಿಸು ಆ ಕುಂಕುಮಾನ! ಈಗಲೇ!" ದೊಡ್ಡಮಾವ ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ತೆಗೆದರು. ನಾಟಕದ ಪರದೆಯ ಬಣ್ಣ ಪುಡಿಗೆ ಅಂಟು ಕಲಸಿ ಮಾಡಿದ್ದು, ಒದ್ದೆ ಬಟ್ಟೆ ಸೋಕಿದರೆ ಸಾಕು, ಹೋಗುತ್ತದೆ.

"ಅಮ್ಮ ಹೇಳ್ಲಿ" ಎಂದ ಮಾವ. ಕೂತಲ್ಲೇ ಕಣ್ಣೊರೆಸಿಕೊಂಡ. "ಅಮ್ಮ ಬೇಡ ಅಂದ್ರೆ ಕುಂಕುಮ ಯಾಕೆ, ಪರದೆ ಪೂರ್ತಿ ತೊಳೆದು ಹಾಕ್ತೀನಿ. ನಾಳೆಯಿಂದ ಬಂದು ಮಂಡೀಲಿ ಕೂರ್ತೀನಿ. ಮತ್ತೆ ಕುಂಚ ಮುಟ್ಟಲ್ಲ."

ಇಡೀ ಹಾಲ್ ಕಂಬದ ಕಡೆ ತಿರುಗಿತು. ಅಜ್ಜಿ ಎದ್ದಳು. ಬಾಗಿಲಿಗೆ ಹೋಗುತ್ತಾಳೆ ಅಂದುಕೊಂಡೆ. ಇಲ್ಲ, ಜನರ ನಡುವೆಯೇ ಹಾದು, ನಾನು ಕೈ ಕೊಟ್ಟರೂ ಹಿಡಿಯದೆ, ವೇದಿಕೆಯ ಮೆಟ್ಟಿಲು ಹತ್ತಿದಳು. ದೊಡ್ಡಮಾವನ ಮುಂದೆ ಕೈ ಚಾಚಿದಳು. ಅವರು ಒದ್ದೆ ಬಟ್ಟೆ ಕೊಟ್ಟರು. "ಅಳಿಸಿಬಿಡ್ತಾರೆ, ತಾವೇ ಅಳಿಸಿಬಿಡ್ತಾರೆ" ಎಂದು ದೊಡ್ಡತ್ತೆ ಕಣ್ಣು ಮುಚ್ಚಿಕೊಂಡರು.

ಅಜ್ಜಿ ಬಟ್ಟೆಯನ್ನು ಹಿಂಡಿ ಬಕೆಟ್ಟಿನ ಅಂಚಿಗೆ ಹರವಿದಳು. ಹಿರಿಮಗನ ಮುಖ ನೋಡಿ, ಮನೆಯೊಳಗೆ ಮಾತಾಡುವ ದನಿಯಲ್ಲೇ ಕೇಳಿದಳು:

"ಒಂದ್ಸಲ ಅಳ್ಸಿದ್ದು ಸಾಲ್ದೇನೋ?"

ನಾನು ಆಡುವ ಒಂದೊಂದು ಮಾತೂ ಅವಳ ಬಾಯಿಂದ ಬಂದದ್ದು. ಬೈಗುಳ, ಮುದ್ದು, ಒಗಟು, ಒಲೆ ಮುಂದಿನ ಕತೆ, ಎಲ್ಲ. ಆದರೆ ಈ ಮಾತು ಅವಳೊಳಗೆ ಇತ್ತು ಅನ್ನುವುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಪ್ಪ ಸತ್ತಾಗ ದೊಡ್ಡಮಾವನಿಗೆ ಎಂಟೋ ಒಂಬತ್ತೋ. ಅಮ್ಮನ ಕುಂಕುಮ ಅಳಿಸಿದ್ದನ್ನು ನಿಂತು ನೋಡಿದ್ದರು, ಪಾಪ.

ಅಜ್ಜಿ ಪರದೆಯ ತೀರ ಹತ್ತಿರ ಹೋದಳು. ಬಳೆ ನೋಡಿದಳು, ಸೀರೆಯ ಅಂಚು ನೋಡಿದಳು. ಕತ್ತೆತ್ತಿ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕಿರಿಮಗನ ಕಡೆ ತಿರುಗಿ ರೇಗಿದಳು.

"ಯಾವ ರಾಣೀನ ನೋಡ್ಕೊಂಡು ಬರ್ದೆಯೋ? ನನ್ನ ಮೂಗುಬಟ್ಟು ಇದ್ದಿದ್ದು ಬಲಕ್ಕೆ ಕಣೋ. ತೂತು ಇನ್ನೂ ಇದೆ, ನೋಡಿಲ್ಲಿ." ಮೂಗು ಮುಟ್ಟಿ ತೋರಿಸಿದಳು. "ಕೂತ್ಕೊಂಡು ಅಳ್ತೀಯಲ್ಲ, ಕುಂಚ ತಗೋ. ಸರಿ ಮಾಡು. ಆಮೇಲೆ ಹಾಡೋವಂತೆ."

ಮಾವನಿಗೆ ಅಷ್ಟೆತ್ತರ ಕೈ ಎಟುಕಲಿಲ್ಲ. ದೊಡ್ಡಮಾವ ಕೆಳಗಿಳಿದು, ಮುಂದಿನ ಸಾಲಿನಲ್ಲಿ ಕೂತಿದ್ದವರನ್ನು ಎಬ್ಬಿಸಿ, ಆ ಬೆಂಚನ್ನು ತಾವೇ ಎತ್ತಿ ತಂದು ಪರದೆಯ ಮುಂದೆ ಹಾಕಿದರು.