ಅಳಿಸಿದ ನೀಲಿ ಬಟ್ಟಿ

ಫೋಟೋದಾಗ ಇಲ್ಲದ್ದು ಯಾರಿಗೋ ಕಂಡಿತು ಅಂತ ಹೇಳಿದ್ರ ಮೊದಲು ನಗಾಕಿ ನಾನೇ ಇದ್ದೆ. ನಮ್ಮ ಸಾಲಿಯ ಒಬ್ಬ ಟೀಚರ್ ಶಿರವಾಳದ ಹಳೇ ಗುಡಿಯ ಫೋಟೋ ತಂದು, ಕಂಬದ ಬಾಜೂಕ ಬೆಳ್ಳಗ ಹೆಣ್ಣಿನ ಆಕಾರ ನಿಂತದ ನೋಡ್ರಿ ಅಂತ ಎಲ್ಲಾರನ್ನೂ ಹೆದರಿಸಿ ಬಿಟ್ಟಿದ್ರು. ನಾ ಅವರ ಫೋನ್ ಇಸಕೊಂಡು, ಕ್ಯಾಮೆರಾದ ಗಾಜಿನ ಮ್ಯಾಲಿದ್ದ ಎಣ್ಣಿಬೆರಳಿನ ಗುರುತು ಸೆರಗಿನಿಂದ ಒರಸಿ, "ಹೋಗ್ಯಾಳ ನೋಡ್ರಿ ನಿಮ್ಮ ದೆವ್ವ" ಅಂದಿದ್ದೆ. ಆ ಟೀಚರ್ ಬಾಳ ದಿನ ನನ್ನ ಕೂಡ ಸರಿ ಮಾತಾಡಲಿಲ್ಲ. ನಾ ಅಂಥಾಕಿ. ಇದನ್ನ ಮೊದಲೇ ಯಾಕ ಹೇಳಾಕತ್ತೀನಿ ಅಂದ್ರ, ಮುಂದಿಂದು ಓದಿ ನೀವೂ ನಗಬಹುದು. ನಗ್ರಿ, ನನಗೇನು ಬ್ಯಾಸರಿಲ್ಲ.

ಸುರಪುರದಾಗ ನಾನು ಸಣ್ಣ ಮಕ್ಕಳಿಗೆ ಪಾಠ ಹೇಳ್ತೀನಿ. ಹಕ್ಕಿ ಫೋಟೋ ತೆಗೆಯೋದು ನನ್ನ ಹುಚ್ಚು. ಯಾರೋ ಮಾರಿದ ಹಳೇ ಕ್ಯಾಮೆರಾ, ಅದಕ್ಕೊಂದು ಉದ್ದನ್ನ ಲೆನ್ಸು. ರಜಾ ಬಂತು ಅಂದ್ರ ಮನಿಯವರ ಗಾಡಿ ತಗೊಂಡು ಬೋನಾಳ ಕೆರಿಗೆ ಹೋಗಿಬಿಡ್ತೀನಿ. "ಆ ಕೊಕ್ಕರಿ ಮ್ಯಾಲಿನ ಲಕ್ಷ್ಯ ಒಲಿ ಮ್ಯಾಲ ಇದ್ದಿದ್ರ ಪಲ್ಯಕ್ಕ ಉಪ್ಪರೆ ಬೀಳ್ತಿತ್ತು" ಅಂತ ಅವರು ಚಾಷ್ಟಿ ಮಾಡ್ತಾರ. ಮಾಡ್ಲಿ. ಉಪ್ಪು ಹಾಕ್ಕೊಳ್ಳಾಕ ಅವರಿಗೂ ಕೈ ಅದಾವ.

ತೆಗೆದ ಫೋಟೋ ಹಾಕಾಕ ನಮ್ಮದೊಂದು ಗುಂಪು ಅದ ಫೋನಿನಾಗ. ಯಾದಗಿರಿ, ಶಹಾಪುರ, ಸುರಪುರ ಸುತ್ತಿನ ಹಕ್ಕಿ ಹುಚ್ಚಿನವರೆಲ್ಲ ಅದರಾಗ ಇದ್ದೀವಿ. ಒಬ್ಬರ ಮುಖ ಒಬ್ಬರು ನೋಡಿದವರು ಕಡಿಮಿ. ಆದ್ರ ಯಾರ ಫೋಟೋ ಯಾವುದು ಅಂತ ಹೆಸರು ನೋಡದನ ಹೇಳ್ತೀವಿ. ಗುಂಪಿನಾಗ ಒಂದು ರೂಢಿ ಅದ. ಹಕ್ಕಿ ಫೋಟೋದಾಗ ಮನಷ್ಯಾರ ಸಾಮಾನು ಕಾಣಬಾರದು. ಒಮ್ಮೆ ನನ್ನ ಮಿಂಚುಳ್ಳಿಯ ಹಿಂದ ಒಂದು ಕರೆಂಟ್ ಕಂಬ ಬಂದಿದ್ದಕ್ಕ ಎಷ್ಟು ಮಂದಿ ಬುದ್ಧಿ ಹೇಳಿದ್ರು. ಅವತ್ತಿನಿಂದ ಕೆರಿ ದಂಡಿಯ ಪ್ಲಾಸ್ಟಿಕ್ ಚೀಲ, ಬಾಟ್ಲಿ ಏನೇ ಬರ್ಲಿ, ಫೋನಿನಾಗ ಬೆರಳಿಲೆ ತಿಕ್ಕಿ ಅಳಿಸಿ ಹಾಕೋದು ನನಗೂ ಚಟ ಆಗಿತ್ತು. ತಿಕ್ಕಿದ ಜಾಗಾದಾಗ ಫೋನು ತಾನೇ ಹುಲ್ಲು, ಮಣ್ಣು ತುಂಬತದ. ಗೊತ್ತೇ ಆಗಂಗಿಲ್ಲ.

ಇನ್ನ ಜುಬೇದಾ ಖಾಲಾನ ವಿಷಯ ಹೇಳಬೇಕು. ನಮ್ಮ ಬಾಜೂ ಮನಿಯಾಕಿ, ಖಾಲಾ ಅಂದ್ರ ಉರ್ದುದಾಗ ಚಿಕ್ಕವ್ವ. ನಾ ಸಾಲಿಗೆ ಹೋದಾಗ ನನ್ನ ಮಗಳನ್ನ ತೊಡಿ ಮ್ಯಾಲ ಹಾಕ್ಕೊಂಡು ಬೆಳಸಿದಾಕಿ. ನನ್ನ ಮಗಳು ಮೊದಲು "ಅವ್ವ" ಅನ್ನಲಿಲ್ಲ, "ಖಾಲಾ" ಅಂದಳು. ಅದರ ಹೊಟ್ಟಿಕಿಚ್ಚು ನನಗ ಈಗೂ ಒಂದೀಟು ಅದ. ಖಾಲಾಗ ಸಕ್ಕರಿ ಬ್ಯಾನಿ. ಫೋನ್ ಹಿಡಿಯೋದಂದ್ರ ಆಕೀಗೆ ಆಗಂಗಿಲ್ಲ. ಮಗ ಮೆಹಬೂಬ ಆಟೋ ಓಡಿಸ್ತಾನ, ಮಗಳನ್ನ ಬೋನಾಳದಾಗ ಕೊಟ್ಟಾರ.

ಅವತ್ತು ರವಿವಾರ, ಚಳಿಗಾಲ. ಬಿಸಿಲು ಇಳಿಯೋ ಹೊತ್ತಿಗೆ ನಾ ಕೆರಿ ಈ ದಂಡಿಯಾಗ ಕುಂತಿದ್ದೆ. ದೂರದ ದೇಶದಿಂದ ಬರೋ ಪಟ್ಟೆತಲೆ ಬಾತುಗಳು ಒಮ್ಮೆಗೇ ಎದ್ದವು ನೋಡ್ರಿ, ನಾ ಕ್ಯಾಮೆರಾ ಒತ್ತಿದ್ದೇ ಒತ್ತಿದ್ದು. ಅದರಾಗ ಒಂದು ಫೋಟೋ ಭಾರಿ ಬಂತು. ಮನಿಗೆ ಬಂದು ಚಾ ಕುಡಕೋತ ಫೋನಿನಾಗ ನೋಡಿದ್ರ, ಆಚಿ ದಂಡಿಯ ಜಾಲಿಗಿಡದ ಬುಡಕ ಉಗುರಿನಷ್ಟು ನೀಲಿ. ಯಾರೋ ಒಗೆದು ಹೋದ ಪ್ಲಾಸ್ಟಿಕ್ ಚೀಲ ಅಂದ್ಕೊಂಡೆ. ತಿಕ್ಕಿದೆ, ಅಳಿಸಿದೆ, ಗುಂಪಿನಾಗ ಹಾಕಿದೆ.

ಮಂದಿ "ಛಲೋ ಬಂದದ", "ಭಾರಿ ಮೇಡಂ" ಅನ್ನಾಕತ್ತಿದ್ರು. ನಾ ಉಬ್ಬಿಕೋತ ಓದಾಕತ್ತಿದ್ದೆ. ದೀಪ ಹಚ್ಚೋ ಹೊತ್ತಿಗೆ ಒಂದು ಮಾತು ಬಂತು. ಬರೆದವರು ಯಾದಗಿರಿಯ ಒಬ್ಬ ಹಿರಿಯರು. ಗುಂಪಿನಾಗ ಬಾಯಿ ಬಿಡೋರೇ ಅಲ್ಲ. ಮುಖದ ಜಾಗಾಕ ಒಂದು ಕೊಕ್ಕರಿ ಚಿತ್ರ ಇಟ್ಟಿದ್ದಕ್ಕ ನಾವು ಕೊಕ್ಕರಿ ಅಜ್ಜ ಅಂತಿದ್ವಿ. ಅವರು ಬರೆದಿದ್ದು ಇಷ್ಟೇ: "ಹಕ್ಕಿ ಛಲೋ ಅದಾವ್ರಿ ಮೇಡಂ. ಎಡಕ್ಕ ಜಾಲಿಗಿಡದ ಬುಡಕ ಬಿಳಿ ಚುಕ್ಕಿಯ ನೀಲಿ ಬಟ್ಟಿ ಕಾಣಾಕತ್ತದ. ಯಾರದ್ರಿ ಅದು?"

ಅಳಿಸದ್ದನ್ನೇ ಹಾಕಿಬಿಟ್ಟೆನೇನೋ ಅಂತ ಮೊದಲು ಅನ್ನಿಸ್ತು. ಗುಂಪಿನಾಗಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ನೀಲಿ ಇಲ್ಲ, ಬರೇ ಹುಲ್ಲು. ಮನಿಯವರಿಗೆ ತೋರಿಸಿದೆ. ಅವರಿಗೂ ಏನೂ ಕಾಣಲಿಲ್ಲ. ಆಮ್ಯಾಲ ಅಳಿಸದ ಫೋಟೋ ತೆಗೆದೆ. ಅದರಾಗ ನೀಲಿ ಇತ್ತು ಖರೇ, ಆದ್ರ ಎಷ್ಟು ಹಿಗ್ಗಿಸಿದ್ರೂ ಚುಕ್ಕಿ ಅನ್ನೋವು ಇರಲಿಲ್ಲ. ಅಷ್ಟು ದೂರದಿಂದ ಕಾಣೋ ಮಾತೇ ಅಲ್ಲ ಅದು. ಬಿಳಿ ಚುಕ್ಕಿ, ಬಿಳಿ ಚುಕ್ಕಿ ಅಂತ ಮನಸಿನಾಗ ತಿರುಗಿಸಾಕತ್ತಿದ್ದಂಗ ಒಮ್ಮೆಗೇ ನೆನಪಾತು. ನಂದೊಂದು ನೀಲಿ ವಾಯಿಲ್ ಸೀರಿ ಇತ್ತು, ಮೈ ತುಂಬ ಬಿಳಿ ಚುಕ್ಕಿ. ಹಳೇದಾತು ಅಂತ ಖಾಲಾಗ ಕೊಟ್ಟಿದ್ದೆ. ಆಕಿ ಅದನ್ನ ಕತ್ತರಿಸಿ ತಲಿಗೆ ಹೊದ್ಕೊಳ್ಳಾಕ ಓಡ್ನಿ ಮಾಡ್ಕೊಂಡಿದ್ದಳು.

ಚಪ್ಪಲ್ ಸಹಿತ ಹಾಕ್ಕೊಳ್ಳದನ ಬಾಜೂ ಮನಿಗೆ ಹೋದೆ. ಮೆಹಬೂಬ ಊಟಕ್ಕ ಕುಂತಿದ್ದ. "ಅಮ್ಮಿ ಆಪಾನ ಮನಿಗೆ ಹೋಗ್ಯಾಳ್ರಿ ಟೀಚರ್, ಅಲ್ಲೇ ವಸ್ತಿ ಇರ್ತಾಳ" ಅಂದ. ಫೋನ್ ಹಚ್ಚು ಅಂದೆ. ಅವರಕ್ಕ ಆ ಕಡಿಯಿಂದ, ಅಮ್ಮಿ ಮಧ್ಯಾಹ್ನನೇ ಹೋದಳಲ್ಲ, ಇಷ್ಟೊತ್ತಿಗೆ ಮನಿ ಮುಟ್ಟಿರಬೇಕು ಅಂದ್ಕೊಂಡಿದ್ದೆ ಅಂದಳು. ಇವರು ಅಲ್ಲಿದ್ದಾಳ ಅಂತ, ಅವರು ಇಲ್ಲಿದ್ದಾಳ ಅಂತ. ಆ ಮುದುಕಿ ಕಾಣವಲ್ಲಳು ಅನ್ನೋದು ಯಾರಿಗೂ ಗೊತ್ತೇ ಇರಲಿಲ್ಲ, ಹುಡುಕೋರು ಯಾರು? ಮೆಹಬೂಬ ತುತ್ತು ಅಲ್ಲೇ ಬಿಟ್ಟು ಎದ್ದ.

ಆಟೋದಾಗ ಹೋಗುವಾಗ ನಾ ಫೋಟೋ ನೋಡೋ ಧೈರ್ಯ ಮಾಡಲಿಲ್ಲ. ಚಳಿ ಬ್ಯಾರೆ ಬಿದ್ದಿತ್ತು. ಅದು ಬರೇ ಪ್ಲಾಸ್ಟಿಕ್ ಚೀಲ ಆಗಿರ್ಲಿ ಅಂತ ಬೇಡ್ಕೊಂಡೆ. ಮರುಗಳಿಗೀನೇ, ಚೀಲ ಆದ್ರ ಖಾಲಾನ್ನ ಎಲ್ಲಿ ಹುಡುಕೋದು ಅಂತ ಮತ್ತೊಂದು ಹೆದರಿಕಿ ಬಂತು.

ಆಚಿ ದಂಡಿಗೆ ಹೋಗಿ, ಫೋಟೋದಾಗಿನ ಜಾಲಿಗಿಡದ ಗುರುತು ಹಿಡಿದು, ಬ್ಯಾಟ್ರಿ ಬಿಟ್ಟು ಕೂಗಿದ್ವಿ. ಮೊದಲು ಹಕ್ಕಿ ಎದ್ದವು. ಆಮ್ಯಾಲ ಸಣ್ಣ ದನಿ ಕೇಳಿಸ್ತು, "ಮೆಹಬೂಬ, ಇಧರ್." ಜಾಲಿ ಬುಡಕ ಕಲ್ಲಿನ ಸಂದಿಯಾಗ ಕಾಲು ತಿರುವಿಕೊಂಡು ಬಿದ್ದಿದ್ದಳು ಖಾಲಾ. ಆಟೋ ಸಿಗೋ ರಸ್ತಾಕ್ಕ ಲಗೂ ಮುಟ್ಟೋಣು ಅಂತ ಕೆರಿ ಏರಿ ಮ್ಯಾಲಿಂದ ಹೊಂಟಾಕಿ ಜಾರಿದ್ದಳಂತ. ಮೈಯೆಲ್ಲ ಬೆವತು ತಣ್ಣಗಾಗಿತ್ತು, ಮಾತು ತೊದಲಾಕತ್ತಿತ್ತು. ಸಕ್ಕರಿ ಇಳಿದದ ಅಂತ ತಿಳೀತು. ಸಾಲಿ ಮಕ್ಕಳಿಗೆ ಅಂತ ನನ್ನ ಬ್ಯಾಗಿನಾಗ ಯಾವಾಗ್ಲೂ ಪೆಪ್ಪರಮೆಂಟ್ ಇರ್ತಾವ. ಒಂದೊಂದೇ ಬಾಯಾಗ ಇಟ್ಟೆ. ಸ್ವಲ್ಪ ಹೊತ್ತಿಗೆ ಕಣ್ಣು ಪೂರಾ ತೆರೆದು ನನ್ನ ಮುಖ ನೋಡಿ, "ಬೇಟಿ, ಕೆರಿ ಆಚೀಕ ಕ್ಯಾಮೆರಾ ಹಿಡ್ಕೊಂಡು ಕುಂತಾಕಿ ನೀನೇ ಏನು? ಎಷ್ಟು ಓಡ್ನಿ ಬೀಸಿದೆ, ನಿನ್ನ ಲಕ್ಷ್ಯ ಎಲ್ಲಿತ್ತು?" ಅಂದಳು. ನಾ ಇನ್ನೊಂದು ಪೆಪ್ಪರಮೆಂಟ್ ಆಕಿ ಬಾಯಾಗ ಇಟ್ಟೆ. ಆ ಓಡ್ನಿ ಆಕಿ ಮಡಿಲಾಗೇ ಇತ್ತು, ನೀಲಿ ಮ್ಯಾಲ ಬಿಳಿ ಚುಕ್ಕಿ.

ದವಾಖಾನ್ಯಾಗ ಡಾಕ್ಟರ್ ಕಾಲು ಕಟ್ಟಿದ್ರು, ಸಲಾಯಿನ್ ಹಚ್ಚಿದ್ರು. ರಾತ್ರಿಪೂರ್ತಿ ಅಲ್ಲೇ ಇದ್ದಿದ್ರ ಮಾತು ಬ್ಯಾರೆ ಇತ್ತು, ಈಗೇನೂ ಚಿಂತಿ ಇಲ್ಲ ಅಂದ್ರು. "ಚಿಂತಿ ಇಲ್ಲ" ಅನ್ನೋದು ಅಷ್ಟು ಛಲೋ ಮಾತು ಅಂತ ನನಗ ಅವತ್ತೇ ಗೊತ್ತಾಗಿದ್ದು. ಬಾಗಿಲ ಹೊರಗ ಬೆಂಚಿನ ಮ್ಯಾಲ ಕುಂತು ಅತ್ತೆ, ಅಳಕೋತನ ನಕ್ಕೆ. ಎದಿ ಮ್ಯಾಲಿನ ಬೀಸೋ ಕಲ್ಲು ಯಾರೋ ಇಳಿಸಿದಂಗ ಆತು. ಮೆಹಬೂಬ ಎಲ್ಲಿಂದೋ ಚಾ ತಂದುಕೊಟ್ಟ.

ಮರುದಿನ ಕೊಕ್ಕರಿ ಅಜ್ಜಗ ಫೋನ್ ಹಚ್ಚಿದೆ. ನಿಮ್ಮಿಂದ ಒಂದು ಜೀವ ಉಳೀತ್ರಿ ಅಂತ ಎಲ್ಲಾ ಹೇಳಿದೆ. ಅವರಿಗೆ ಗಾಬರಿನೇ ಆತು. ಕಣ್ಣಿನ ಪೊರಿ ತೆಗೆಸಿ ಇನ್ನೂ ಬಾಳ ದಿನ ಆಗಿರಲಿಲ್ಲಂತ. ಎಲ್ಲಾದ್ರಾಗೂ ಒಂದೀಟು ನೀಲಿ ಕಾಣಬಹುದು, ಹೆದರಬ್ಯಾಡ್ರಿ ಅಂತ ಕಣ್ಣಿನ ಡಾಕ್ಟರ್ ಮೊದಲೇ ಹೇಳಿದ್ರಂತ. ನನಗ ಸಮಾಧಾನ ಆತು. ಹಾಂ, ಇದೇ ನೋಡು ಕಾರಣ ಅಂತ ಫೋನ್ ಇಡಾಕ ಹೊಂಟಿದ್ದೆ. ಆಗ ಅವರು, "ಆದ್ರ ಮೇಡಂ, ನಾ ಹೇಳಿದ ಮ್ಯಾಲ ನೀವು ಅದನ್ನ ಅಳಿಸಿದ್ದು ಛಲೋ ಆತು. ರಾತ್ರಿ ಊಟ ಮಾಡಿ ಹತ್ತರ ಸುಮಾರಿಗೆ ಮತ್ತ ನೋಡಿದ್ರ ಇರಲಿಲ್ಲ" ಅಂದ್ರು. ನಾ ಅಳಿಸಿದ್ದು ಅವರು ಹೇಳೋಕಿಂತ ಮೊದಲು. ಆಮ್ಯಾಲ ಆ ಫೋಟೋಕ್ಕ ನಾ ಕೈನೇ ಹಚ್ಚಿರಲಿಲ್ಲ. ಅವರು ಊಟ ಮುಗಿಸಿ ನೋಡೋ ಹೊತ್ತಿಗೆ ಖಾಲಾ ದವಾಖಾನಿ ಮಂಚದ ಮ್ಯಾಲ ಇದ್ದಳು.

ವಿಜ್ಞಾನದ ಮಾಸ್ತರರನ್ನ ಕೇಳೀನಿ. ನೀಲಿ ಕಾಣೋದಕ್ಕ ಕಾರಣ ಹೇಳ್ತಾರ. ಆ ಮೂಲ್ಯಾಗೇ ಯಾಕ ಕಾಣಬೇಕು, ಚುಕ್ಕಿ ಎಲ್ಲಿಂದ ಬಂದವು ಅಂದ್ರ ಡಸ್ಟರ್ ತಗೊಂಡು ಕ್ಲಾಸಿಗೆ ಹೋಗ್ತಾರ. ಗುಡಿ ಫೋಟೋದ ಟೀಚರ್ ಮಾತ್ರ ನನ್ನ ನೋಡಿದಾಗೊಮ್ಮೆ ತುಟಿ ಕಚ್ಚಿಕೊಂಡು ನಗ್ತಾರ. ಅವರಿಗೂ ಹಕ್ಕದ. ನಾ ಈಗ ಏನೂ ಅಳಿಸಂಗಿಲ್ಲ. ಲೆನ್ಸಿನಾಗ ಯಾವ ದಂಡಿಯಾಗ ಏನು ಬಣ್ಣ ಕಂಡ್ರೂ, ಗಾಡಿ ತಿರುವಿ ಹೋಗಿ ನೋಡೇ ಬರ್ತೀನಿ. ಇಲ್ಲೀತನ ಸಿಕ್ಕಿದ್ದು ಬರೇ ಚೀಲ, ಬಾಟ್ಲಿ. ಪ್ರತಿ ಸಲ ಚೀಲ ಕಂಡಾಗ ಎಷ್ಟು ಖುಷಿ ಆಗ್ತದ ಅಂತೀರಿ.

ಖಾಲಾ ಈಗ ಓಡ್ಯಾಡ್ತಾಳ, ನನ್ನ ಪಲ್ಯಕ್ಕ ಉಪ್ಪಿಲ್ಲ ಅಂತ ಹೆಸರಿಡ್ತಾಳ. ಮೊನ್ನಿ ಆಕೀಗೆ ಅಜ್ಜನ ವಿಷಯ ಪೂರಾ ಹೇಳಿದೆ, ಇದು ಹೆಂಗಾತು ಹೇಳು ಖಾಲಾ ಅಂದೆ. ಆಕಿ ಎಲೆ ಅಡಕಿ ಅಗಿಯೋದು ನಿಲ್ಲಿಸದನ ಎಲ್ಲಾ ಕೇಳಿದಳು. ಆಮ್ಯಾಲ, "ಆ ಮುದುಕ ಕಣ್ಣು ಯಾವ ದವಾಖಾನ್ಯಾಗ ಮಾಡಿಸ್ಯಾನಂತ ಕೇಳಿಟ್ಕೊ ಬೇಟಿ. ನನ್ನ ಎಡಗಣ್ಣಿಗೂ ಪೊರಿ ಬಂದದ" ಅಂದಳು.

ನಾ ಖರೇನೇ ಕೇಳಿಟ್ಕೊಂಡೀನಿ.