ಮುಪ್ಪು ಮುಟ್ಟದ ನೆಗೆಣ್ಣಿ

ಮೊನ್ನೆ ಪಕ್ಕದ ಮನೆಯಲ್ಲಿ ಯಾರೋ ಲಕ್ಕಿ ಸೊಪ್ಪನ್ನು ಹರಳೆಣ್ಣೆಯಲ್ಲಿ ಬಾಡಿಸುತ್ತಿದ್ದರು. ಆ ಕಹಿ ಘಾಟು ಕಿಟಕಿಯಿಂದ ಬಂದದ್ದೇ ನನ್ನ ನೆಗೆಣ್ಣಿ ನೆನಪಾದಳು... ಮೈದುನನ ಹೆಂಡತಿ. ಬಿಸಿ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಬೆರಳ ಗಂಟುಗಳಿಗೆ ಶಾಖ ಕೊಡುತ್ತಿದ್ದವಳು ಅವಳೇ.

ಹರಪನಹಳ್ಳಿಯ ಈ ಮನೆಗೆ ನಾವಿಬ್ಬರೂ ಹಿಂದೆಮುಂದೆ ಸೊಸೆಯರಾಗಿ ಬಂದೆವು. ಒಂದೇ ವಾರಿಗೆಯವರು, ಹೆಚ್ಚುಕಡಿಮೆ ಒಂದೇ ವಯಸ್ಸು. ಗಂಡಂದಿರು ಮೆಕ್ಕೆಜೋಳದ ವ್ಯಾಪಾರಕ್ಕೆ ಹೊರಟರೆ ಅಡುಗೆಮನೆ ನಮ್ಮದು. ಮೊದಲೆಲ್ಲ ರೊಟ್ಟಿ ಬಡಿಯುವುದರಲ್ಲಿ ನನ್ನ ಕೈಯೇ ಮುಂದಿತ್ತು. ನಲವತ್ತರ ಹೊತ್ತಿಗೆ ಮಣಿಕಟ್ಟು ಬಾತುಕೊಂಡಿತು, ಬೆಳಿಗ್ಗೆ ಮುಷ್ಟಿ ಹಿಡಿಯಲು ಆಗದಂತಾಯಿತು. ಹಾಸಿಗೆಯಲ್ಲೇ ಬಿದ್ದುಕೊಂಡು ಅವಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದೆ. ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು.

ದಾವಣಗೆರೆಯ ಡಾಕ್ಟರು ಬಿಡಿಸಿ ಹೇಳಿದರು. ಗಾಯವಾದರೆ ಮಾಯಿಸಲೆಂದು ದೇಹವೇ ಉರಿಯೂತ ಎಬ್ಬಿಸುತ್ತದೆ, ಕೆಲಸ ಮುಗಿದ ಮೇಲೆ ಅದು ಇಳಿಯಬೇಕು. ನನ್ನಲ್ಲಿ ಇಳಿಯದೆ ಕೀಲುಗಳನ್ನೇ ತಿನ್ನುತ್ತಿದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ, ಸ್ನಾಯು, ರಕ್ತನಾಳಕ್ಕೂ ಬೇಗ ಮುಪ್ಪು ಬರುತ್ತದೆ. ಅಷ್ಟೆಲ್ಲ ಕೇಳಿಯೂ ನನ್ನ ತಲೆಯಲ್ಲಿ ಉಳಿದದ್ದು ಒಂದೇ... ಅವಳಿಗಿಂತ ಮೊದಲು ನಾನು ಮುದುಕಿಯಾಗುತ್ತೇನೆ.

ಆಗಿಯೂಬಿಟ್ಟೆ. ಕೊಟ್ಟೂರಿನ ಬಳೆ ಅಂಗಡಿಗೆ ಇಬ್ಬರೂ ಹೋದಾಗ ಅಂಗಡಿಯವನು ನನ್ನನ್ನು ಕೇಳಿದ, “ಅಮ್ಮಾರ, ಮಗಳಿಗೆ ಯಾವ ಬಳಿ ತೋರಿಸ್ಲಿ?”

“ನಮ್ಮಕ್ಕ ಅದಾಳ್ರಿ. ಇಬ್ರೂ ಒಂದ ವಾರಿಗೇರು,” ಅಂದಳು ಅವಳು.

ನನ್ನ ಗಂಟುಗಳನ್ನು ದಾಟಿ ಒಂದು ಬಳೆಯೂ ಒಳಗೆ ಹೋಗಲಿಲ್ಲ. ಅವಳು ತನಗೂ ಬೇಡವೆಂದು ಎದ್ದು ಬಂದಳು. ಅದಕ್ಕೂ ಸಿಟ್ಟು ಬಂತು ನನಗೆ. ಒಳ್ಳೆಯವಳಾಗಿರುವುದೂ ಅವಳಿಗೆ ಎಷ್ಟು ಸಲೀಸು ಎನಿಸಿತು.

ಅವಳಿಗೆ ಸಕ್ಕರೆ ಕಾಯಿಲೆ ಇತ್ತು. ಹಲ್ಲುಜ್ಜಿದಾಗಲೆಲ್ಲ ಒಸಡಿನಿಂದ ರಕ್ತ ಬರುತ್ತಿತ್ತು. ನೋವಿಲ್ಲವಲ್ಲ ಎಂದು ಬಿಟ್ಟಿದ್ದಳು. ನನ್ನ ತೋಳು ಮೇಲೇಳುತ್ತಿರಲಿಲ್ಲವಾದ್ದರಿಂದ ದಿನಾ ಅವಳೇ ನನ್ನ ತಲೆ ಬಾಚುತ್ತಿದ್ದಳು. ಒಂದು ದಿನ ಹಿಂದೆ ಕೂತು ಹೆರಳು ಹಾಕುತ್ತಾ ಅಂದಳು:

“ಅಕ್ಕಾ, ನೀನು ನರಳಿದ್ರ ಮನಿ ಮಂದಿಯೆಲ್ಲ ಓಡಿ ಬರ್ತಾರ. ನನಗ ಸುಸ್ತಾಗೈತಿ ಅಂದ್ರ ಯಾರೂ ನಂಬಂಗಿಲ್ಲ.”

“ನಿನಗೇನಾಗೈತಿ? ಗುಂಡ್ಕಲ್ಲಿದ್ದಂಗ ಅದಿ,” ಅಂದೆ.

ಅವಳು ಹೆರಳು ಮುಗಿಸಿ ಎದ್ದು ಹೋದಳು.

ಹೋದ ವರ್ಷ ಒಂದು ಮಧ್ಯಾಹ್ನ ಒಲೆಯ ಮುಂದೆಯೇ ಕುಸಿದಳು. ಹೃದಯಾಘಾತ. ದಾವಣಗೆರೆ ಮುಟ್ಟುವ ಮೊದಲೇ... ಆಮೇಲೆ ನನ್ನ ಡಾಕ್ಟರನ್ನು ಕೇಳಿದೆ. ಸಕ್ಕರೆ ಕಾಯಿಲೆ, ಒಸಡಿನಲ್ಲಿ ವರ್ಷಗಟ್ಟಲೆ ಉಳಿದ ಉರಿಯೂತ, ಇವು ನೋವೇ ಕೊಡದೆ ರಕ್ತನಾಳಗಳನ್ನು ಕೆಡಿಸಬಹುದು, ಅವಳಿಗೆ ಅದರಿಂದಲೇ ಆಯಿತೆಂದು ಮಾತ್ರ ಹೇಳಲಾಗದು ಎಂದರು. ನನ್ನ ಬೇನೆ ಕೂಗಿ ಕೂಗಿ ಔಷಧಿ ತರಿಸಿಕೊಂಡಿತ್ತು. ಅವಳದು ಕೂಗಲೇ ಇಲ್ಲ.

ಈಗ ನನ್ನ ಬಾವು ಹತೋಟಿಯಲ್ಲಿದೆ. ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದೇನೆ. ಸಂಜೆ ಎದುರುಮನೆಯ ಓರಗಿತ್ತಿಯರಿಬ್ಬರು ಕಟ್ಟೆಯ ಮೇಲೆ ಕೂತು, ಒಬ್ಬರ ಮೊಣಕಾಲು ಒಬ್ಬರು ಒತ್ತುತ್ತಾ, ಬೇನೆಯ ಲೆಕ್ಕ ಹೇಳಿಕೊಂಡು ನಗುತ್ತಾರೆ. ನೋಡಿದರೆ ಹಳೆಯ ಹೊಟ್ಟೆಕಿಚ್ಚೇ ಮತ್ತೆ ಏಳುತ್ತದೆ. ಅವರಲ್ಲಿ ಒಬ್ಬಳಿಗೆ ಜೊತೆಯಲ್ಲಿ ಮುದುಕಿಯಾಗಲು ಇನ್ನೊಬ್ಬಳಿದ್ದಾಳೆ.